ಹದಿನಾಲ್ಕು ರಟ್ಟಿನ ಪೆಟ್ಟಿಗೆಗಳು

ಸರ್ರ್ರ್, ಟಪ್. ಕಂದು ಟೇಪು ಸುರುಳಿಯಿಂದ ಕಿತ್ತು ಬರುವ ಸದ್ದು, ಅದರ ಬೆನ್ನಿಗೇ ಕತ್ತರಿಯ ಸದ್ದು. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇದು ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷಗಳಿಂದ ಆ ಸದ್ದು ಎಬ್ಬಿಸಿದ್ದು ಒಂದೇ ಕೈ. ಆ ಕೈಯ ಒಡತಿಗೆ ಬೀದಿಯಲ್ಲಿ ತೂಕದಮ್ಮ ಎಂದು ಹೆಸರು.

ಪಾರ್ಸೆಲ್ಲನ್ನು ಯಂತ್ರದ ಮೇಲಿಡುವ ಮೊದಲು ಆಕೆ ಅದನ್ನು ಬಲಗೈಯಲ್ಲಿ ಒಂದು ಕ್ಷಣ ಎತ್ತಿ ಹಿಡಿಯುತ್ತಿದ್ದಳು. "ಒಂದು ಕೇಜಿ ಮುನ್ನೂರ ಹತ್ತು" ಎನ್ನುತ್ತಿದ್ದಳು. ಆಮೇಲೆ ಯಂತ್ರವೂ ಅದನ್ನೇ ಹೇಳುತ್ತಿತ್ತು, ಹೆಚ್ಚೆಂದರೆ ಹತ್ತಿಪ್ಪತ್ತು ಗ್ರಾಂ ಆಚೀಚೆ. ಸಾಲಿನಲ್ಲಿ ನಿಂತವರು ಇದನ್ನು ನೋಡಲೆಂದೇ ಕತ್ತು ಉದ್ದ ಮಾಡುತ್ತಿದ್ದರು. "ಯಂತ್ರ ನಿಮ್ಮನ್ನ ನೋಡಿ ಕಾಪಿ ಹೊಡೀತಿದೆ ಅಮ್ಮ" ಎಂದು ಬೇಕರಿಯವನು ಒಮ್ಮೆ ಹೇಳಿದ್ದು ಕಚೇರಿಯಲ್ಲೆಲ್ಲ ಓಡಾಡಿತ್ತು.

ಕೌಂಟರಿಗೆ ಬಂದ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ. ಒಳಗೇನಿದೆ? ಬೆಲೆ ಎಷ್ಟು? ತಲುಪದಿದ್ದರೆ ವಾಪಸ್ ಕಳಿಸಬೇಕೋ ಬೇಡವೋ? ಮೂರರಲ್ಲಿ ಆಕೆಗೆ ಇಷ್ಟವಾದದ್ದು ಮೊದಲನೆಯದು. ಸಿಕ್ಕ ಉತ್ತರ ಒಂದೊಂದು ಸಲ ದಿನವಿಡೀ ತಲೆಯಲ್ಲಿ ಕೂತಿರುತ್ತಿತ್ತು. ತಿಂಗಳಿಗೊಮ್ಮೆ ಒಬ್ಬ ಮುದುಕ ಬಂದು ಒಂದೇ ಕಾಲಿನ ಚಪ್ಪಲಿ ಕಳಿಸುತ್ತಿದ್ದ. ಪ್ರತಿ ಸಲವೂ ಎಡಗಾಲಿನದು. ಯಾಕೆಂದು ಕೇಳಲು ಮೂರು ವರ್ಷ ಧೈರ್ಯ ಸಾಲಲಿಲ್ಲ. ನಾಲ್ಕನೆಯ ವರ್ಷ ಆತ ಬರಲಿಲ್ಲ.

ಈ ವರ್ಷದ ಆರಂಭದಲ್ಲಿ ಆ ಬಲಗೈ ನೋಯತೊಡಗಿತು. ಮೊದಲು ಮಣಿಕಟ್ಟು, ಆಮೇಲೆ ಮೂರು ಬೆರಳಿನ ತುದಿಗೆ ಜೋಮು. ಡಾಕ್ಟರು ಕೈಗೆ ಗಟ್ಟಿ ಪಟ್ಟಿ ಕಟ್ಟಿ, "ಎರಡು ಕೇಜಿಗಿಂತ ಹೆಚ್ಚು ಎತ್ತಬೇಡಿ. ಹೀಗೇ ಇನ್ನೊಂದು ವರ್ಷ ಎತ್ತಿದರೆ ರವಿಕೆ ಗುಂಡಿ ಹಾಕ್ಕೊಳ್ಳೋಕೂ ಇನ್ನೊಬ್ಬರನ್ನ ಕರೀಬೇಕಾಗುತ್ತೆ" ಎಂದರು. ಪೋಸ್ಟ್ ಮಾಸ್ಟರರು ಒಂದು ದಾರಿ ತೋರಿಸಿದರು: ವಿಚಾರಣೆ ಕಿಟಕಿಯಲ್ಲಿ ಅರ್ಧ ದಿನದ ಕೆಲಸವಿದೆ, ಎತ್ತುವುದೇನೂ ಇಲ್ಲ, ಸಂಬಳವೂ ಅರ್ಧ. ಬೇಕಿದ್ದರೆ ತಿಂಗಳ ಕೊನೆಯೊಳಗೆ ಅರ್ಜಿ ಕೊಡಬೇಕು.

ಅರ್ಧ ಸಂಬಳದಲ್ಲಿ ಮನೆ ನಡೆಯಬೇಕಾದರೆ ಒಳಗಿನ ಕೋಣೆಯನ್ನು ಯಾರಿಗಾದರೂ ಕೊಡಬೇಕಿತ್ತು. ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಹೆಂಗಸೊಬ್ಬಳು ಕೋಣೆ ಹುಡುಕುತ್ತಿದ್ದಾಳೆಂದು ಗೊತ್ತಾಗಿ ಕರೆಸಿದರು. ಆಕೆ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು.

"ರೂಮು ಎಲ್ಲಿ?"

"ಇದೇ ಕಣಮ್ಮ."

"ಇದು ಗೋಡೆ ಅಲ್ವಾ?"

ಅದು ಗೋಡೆಯಾಗಿರಲಿಲ್ಲ. ರಟ್ಟಿನ ಪೆಟ್ಟಿಗೆಗಳು. ಹದಿನಾಲ್ಕು. ನೆಲದಿಂದ ಸೂರಿನವರೆಗೆ, ಸಂದಿಯಿಲ್ಲದಂತೆ ಜೋಡಿಸಿದವು, ಕಂದು ಟೇಪಿನಲ್ಲಿ ಮೊಹರಾದವು, ಹುರಿ ಅಡ್ಡಡ್ಡ ಉದ್ದುದ್ದ ಬಿಗಿದವು. ಮನೆ ಬದಲಿಸುವಾಗ ತೂಕದಮ್ಮನೇ ಕಟ್ಟಿದ್ದು. ನಾಲ್ಕು ಮನೆ ದಾಟಿ ಬಂದಿದ್ದವು. ಕಟ್ಟಿದ್ದು ಎಷ್ಟು ಚೆನ್ನಾಗಿತ್ತೆಂದರೆ ಬಿಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಈ ಮನೆಗೆ ಬಂದ ಮೇಲಿನ ಒಂಬತ್ತು ವರ್ಷ ಆ ಕೋಣೆಗೆ ಬಾಡಿಗೆ ಕಟ್ಟಿದ್ದು ಅವುಗಳಿಗಾಗಿಯೇ.

"ಒಳ್ಳೇ ಬಾಡಿಗೆದಾರರು. ಗಲಾಟೆ ಇಲ್ಲ, ನೀರು ಖರ್ಚಿಲ್ಲ" ಎಂದ ಗಂಡ.

ಗಂಡ ಫ್ಯಾನು ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವನ ಕಸುಬು. ಆದ್ದರಿಂದ ಲೋಕದಲ್ಲಿ ಕೆಟ್ಟುಹೋದ ವಸ್ತು ಎಂಬುದೇ ಇಲ್ಲ, ಸಮಯ ಬಾರದ ವಸ್ತುಗಳಿವೆ ಅಷ್ಟೆ ಎಂದು ನಂಬಿದ್ದ. ಏನನ್ನು ಬಿಸಾಡಲು ಹೋದರೂ, "ಇರ್ಲಿ ಬಿಡೇ, ಯಾವುದಕ್ಕಾದ್ರೂ ಆಗುತ್ತೆ" ಎನ್ನುತ್ತಿದ್ದ. ಮಿತವಾಗಿ ಬದುಕುವುದು ಎಂದರೆ ಏನನ್ನೂ ಕೈಬಿಡದಿರುವುದು ಎಂದು ಹೆಂಡತಿಯೂ ಇಷ್ಟು ದಿನ ಒಪ್ಪಿಕೊಂಡೇ ಬಂದಿದ್ದಳು.

ಕನ್ನಡಕದಾಕೆ ಒಂದನೇ ತಾರೀಕಿಗೆ ಬರುತ್ತೇನೆಂದು ಹೇಳಿ ಹೋದ ಮೇಲೆ ತೂಕದಮ್ಮ ಕೋಣೆಯ ಬಾಗಿಲಲ್ಲೇ ನಿಂತಳು.

"ಏನ್ರೀ, ಇದರೊಳಗೆ ಏನಿದೆ?"

"ಕಟ್ಟಿದ್ದು ನೀನು."

"ಊರಿನವರನ್ನೆಲ್ಲಾ ಕೇಳ್ತೀನಿ ಒಳಗೇನಿದೆ ಅಂತ. ನಮ್ಮನೇದು ನಂಗೇ ಗೊತ್ತಿಲ್ವಲ್ಲ!"

ಆ ಕ್ಷಣದಿಂದ ಆಕೆಗೆ ಕೈಕಾಲು ನಿಲ್ಲಲಿಲ್ಲ.

ಗಂಡ ಮೊದಲು ಮುಖ ಸಿಂಡರಿಸಿದ. ಅವನನ್ನು ಎಳೆದುಕೊಂಡದ್ದು ಆಕೆ ಹೂಡಿದ ಆಟ. ಪೆಟ್ಟಿಗೆ ಬಿಚ್ಚುವುದು ಅವನು. ಒಳಗಿನ ಸಾಮಾನೆಲ್ಲ ಹಳೆ ಪೇಪರಿನಲ್ಲಿ ಸುತ್ತಿದ್ದವಲ್ಲ, ಒಂದೊಂದನ್ನೂ ಬಿಚ್ಚದೆ ಆಕೆಯ ಕೈಗೆ ಕೊಡಬೇಕು. ಆಕೆ ಹಿಡಿದು ನೋಡಿ ತೂಕ ಹೇಳಬೇಕು, ಆಮೇಲೆ ವಸ್ತು ಯಾವುದೆಂದು ಇಬ್ಬರೂ ಊಹಿಸಬೇಕು. ಸೋತವರು ಟೀ ಮಾಡಬೇಕು. ಎರಡು ಕೇಜಿ ಮೀರಿದಂತೆ ಕಂಡದ್ದನ್ನು ಅವನೇ ಎತ್ತಿ ಬದಿಗಿಡಬೇಕು. ತೂಕ ನೋಡಲು ಅವನ ತಾಮ್ರದ ತಂತಿ ತೂಗುವ ಕೊಕ್ಕೆ ತಕ್ಕಡಿ ಇತ್ತು. ಅದನ್ನು ಕಿಟಕಿಯ ಸರಳಿಗೆ ತೂಗುಹಾಕಿದರು. ಮುಳ್ಳಿರುವ ಮುಖ ಅವನ ಕಡೆ, ಬೆನ್ನು ಅವಳ ಕಡೆ.

ಇದು ಅವಳಿಗೆ ಬರೀ ಆಟವಾಗಿರಲಿಲ್ಲ. ಪಟ್ಟಿ ಬಿಗಿದ ಮೇಲೆ ಎರಡು ತಿಂಗಳಿಂದ ಕೌಂಟರಿನಲ್ಲಿ ತೂಕ ಹೇಳುವುದನ್ನು ನಿಲ್ಲಿಸಿದ್ದಳು. ಸಾಲಿನವರು ಕೇಳಿದರೆ, "ಪುರುಸೊತ್ತಿಲ್ಲಪ್ಪ" ಎನ್ನುತ್ತಿದ್ದಳು. ಕೈಗೆ ಇನ್ನೂ ಗೊತ್ತಿದ್ದರೆ ಕೌಂಟರು ಬಿಡುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಮೊದಲ ಪೆಟ್ಟಿಗೆಯ ಮೊದಲ ಗಂಟು ಬಂತು. ಪಟ್ಟಿ ಬಿಚ್ಚಿಟ್ಟು, ಕಣ್ಣು ಮುಚ್ಚಿ ಹಿಡಿದಳು.

"ಒಂದು ಎಂಟುನೂರು. ಇಸ್ತ್ರಿಪೆಟ್ಟಿಗೆ."

ಮುಳ್ಳು ಒಂದು ಎಂಟುನೂರರ ಮೇಲೆ ನಿಂತಿತು. ಪೇಪರು ಬಿಚ್ಚಿದರೆ ಇಸ್ತ್ರಿಪೆಟ್ಟಿಗೆಯೇ. "ಎಲಾ ಇವಳ!" ಎಂದು ಗಂಡ ಟೀ ಮಾಡಲು ಎದ್ದ.

ಎರಡನೆಯ ಗಂಟು. "ಆರುನೂರೈವತ್ತು" ಎಂದಳು. ಮುಳ್ಳು ಒಂಬೈನೂರು ದಾಟಿ ನಿಂತಿತು. ಗಂಡ ಇನ್ನೊಮ್ಮೆ ನೋಡಿದ. ಆಕೆ ಕಣ್ಣು ತೆರೆದು, ಶಾಲೆಯ ಫಲಿತಾಂಶಕ್ಕೆ ಕಾದವಳಂತೆ ಕೂತಿದ್ದಳು.

"ಆರುನೂರ ನಲವತ್ತು" ಎಂದ ಗಂಡ. "ಹತ್ತು ಗ್ರಾಂ ತಪ್ಪಿದೆ. ವಯಸ್ಸಾಯ್ತು ನಿನಗೆ."

"ಹತ್ತು ಗ್ರಾಂ ಪೇಪರಿಂದು" ಎಂದು ಆಕೆ ನಕ್ಕಳು.

ಹೀಗೆ ದಿನಕ್ಕೆ ಒಂದು ಪೆಟ್ಟಿಗೆ, ಸಂಜೆ ಕಚೇರಿಯಿಂದ ಬಂದ ಮೇಲೆ. ಏನೇನು ಬಂತು! ಗಾಜಿನ ಆಲಿಕೆ ಐದು. ಐದು ಯಾಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹಿಡಿಯಿಲ್ಲದ ಕೊಡೆ, ಕೊಡೆಯಿಲ್ಲದ ಹಿಡಿ. ಒಂದಕ್ಕೊಂದು ಕೂಡಿಸಿ ನೋಡಿದರೆ ಕೂಡಲಿಲ್ಲ. ಮೂರು ಅಲಾರಾಂ ಗಡಿಯಾರ, ಒಂದೊಂದೂ ಒಂದೊಂದು ಹೊತ್ತಿಗೆ ನಿಂತದ್ದು. ಹಲ್ಲಿನ ಅಚ್ಚು ಒಂದು, ಮನೆಯಲ್ಲಿ ಯಾರ ಬಾಯಿಗೂ ಹೊಂದದ್ದು. "ನಿಮ್ಮದಾ?" "ನನ್ನ ಹಲ್ಲು ಇಷ್ಟು ಸಾಲಾಗಿದ್ದಿದ್ರೆ ನಿನ್ನನ್ನ್ಯಾಕೆ ಕಟ್ಕೋತಿದ್ದೆ?" ತಾಮ್ರದ ಕೆಟಲು. ತೂಕಕ್ಕೆ ಭಾರವಾಗಿದ್ದ ಒಂದು ಗಂಟು ಬಿಚ್ಚಿದರೆ ಒಳಗೆ ಇನ್ನೊಂದು ಗಂಟು, ಅದರೊಳಗೆ ಇನ್ನೊಂದು, ಕೊನೆಗೆ ಸುರುಳಿ ಸುತ್ತಿದ ಹುರಿ. ಹುರಿ ಹಾಳಾಗದಿರಲೆಂದು ಹುರಿಯನ್ನೇ ಕಟ್ಟಿಟ್ಟಿದ್ದಳು. ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ವಸ್ತುವನ್ನು ಊಹಿಸುವುದರಲ್ಲಿ ಆಕೆ ಅರ್ಧಕ್ಕರ್ಧ ಗೆದ್ದಳು. ಆಕಾರ ಪೇಪರಿನ ಮೇಲೆಯೇ ತಿಳಿಯುತ್ತಿತ್ತಲ್ಲ. ತೂಕದಲ್ಲಿ, ಗಂಡನ ಮಾತಿನ ಪ್ರಕಾರ, ಹೆಚ್ಚುಕಡಿಮೆ ಎಲ್ಲವನ್ನೂ ಗೆದ್ದಳು. ಏಳನೆಯ ಪೆಟ್ಟಿಗೆ ಮುಗಿದ ಸಂಜೆ, ಕೈಯ ಪಟ್ಟಿ ಮತ್ತೆ ಬಿಗಿಯುತ್ತ ಹೇಳಿದಳು:

"ಏನ್ರೀ, ನಾನು ಅರ್ಜಿ ಕೊಡಲ್ಲ."

"ಹಾಂ?"

"ನೋಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕೈಗೆ ಇನ್ನೂ ಗೊತ್ತಿದೆಯಲ್ಲ. ಗೊತ್ತಿರೋ ಕೈನ ಕಿಟಕಿ ಹಿಂದೆ ಕೂರಿಸಿ ಫಾರಮ್ಮು ಹಂಚಿಸ್ಲಾ? ಕೌಂಟರಲ್ಲೇ ಇರ್ತೀನಿ. ರೂಮು ಖಾಲಿಯಾದ್ರೆ ಒಳ್ಳೇದೇ, ಗಾಳಿ ಬರುತ್ತೆ."

ಗಂಡ ಬಾಯಿ ತೆರೆದ. ತಕ್ಕಡಿಯ ಕಡೆ ನೋಡಿದ. ಅವಳ ಕಡೆ ನೋಡಿದ. "ಟೀ ಇದ್ಯಾ?" ಎಂದ.

ಕಟ್ಟಿದ ಪೆಟ್ಟಿಗೆಗಳೆಲ್ಲ ಬಿಚ್ಚಿ ಮುಗಿದಾಗ ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಭಾನುವಾರ, ಮನೆಯಿದ್ದ ಎರಡನೇ ಮಹಡಿಯ ಮೆಟ್ಟಿಲ ಚೌಕದಲ್ಲಿ ಮೇಜು ಹಾಕಿ ಮಾರಾಟಕ್ಕಿಟ್ಟರು. ಕೆಳಗೆ ಬಾಗಿಲಿಗೆ ಚೀಟಿ ಅಂಟಿಸಿದರು: "ನಮಗೆ ಬೇಡವಾದ್ದು ನಿಮಗೆ ಬೇಕಾ? ಹತ್ತಿ ಬನ್ನಿ." ಪ್ರತಿ ವಸ್ತುವಿಗೂ ತೂಕದಮ್ಮ ಕಚೇರಿಯ ಅಭ್ಯಾಸದಂತೆ ಚೀಟಿ ಕಟ್ಟಿದ್ದಳು. ಏನು, ಎಷ್ಟು ತೂಕ, ಮಾರಾಟವಾಗದಿದ್ದರೆ ಯಾರಿಗೆ.

"ಬೆಲೆ ಬರಿಯೇ. ತೂಕ ಯಾರಿಗೆ ಬೇಕು?" ಎಂದಿದ್ದ ಗಂಡ, ಸ್ವಲ್ಪ ಗಾಬರಿಯಿಂದಲೇ.

"ತೂಕ ಬರೀದೆ ಒಂದು ಸಾಮಾನೂ ನನ್ನ ಕೈಯಿಂದ ಹೋಗಿಲ್ಲ ರೀ."

ಬೆಲೆ ಬರೆಯದಿರಲು ಕಾರಣವಿತ್ತು. ಬಂದವರನ್ನೆಲ್ಲ ಆಕೆ ಕೇಳುತ್ತಿದ್ದಳು: "ತಗೊಂಡು ಏನು ಮಾಡ್ತೀರಿ?" ಉತ್ತರ ಹಿಡಿಸಿದರೆ ಬೆಲೆ ಇಳಿಯುತ್ತಿತ್ತು. ಬೇಕರಿಯವನು ಐದೂ ಆಲಿಕೆ ಬೇಕೆಂದ. ಎಣ್ಣೆಗೊಂದು, ಪಾಕಕ್ಕೊಂದು, ಉಳಿದ ಮೂರು ಒಡೆಯಲು ಎಂದ. ಅವನಿಗೆ ಅರ್ಧ ಬೆಲೆಗೆ ಸಿಕ್ಕಿತು. ಮೂರನೇ ಮಹಡಿಯ ದರ್ಜಿ ನಿಂತ ಗಡಿಯಾರಗಳನ್ನು ಕೇಳಿದ. "ಗಿರಾಕಿಗಳು ಯಾವಾಗ ಬಟ್ಟೆ ರೆಡಿ ಅಂತಾರೆ. ಮೂರರಲ್ಲಿ ಒಂದನ್ನ ತೋರಿಸ್ತೀನಿ." ಅವನಿಗೆ ಪುಕ್ಕಟೆಯೇ ಹೋಯಿತು. ಆದರೆ, "ಸುಮ್ನೆ ಇರ್ಲಿ ಅಂತ" ಎಂದವರಿಗೆ ಏನೂ ಸಿಗಲಿಲ್ಲ. "ಅದಕ್ಕೇ ಇಷ್ಟು ವರ್ಷ ನಾವಿಟ್ಟಿದ್ದು" ಎಂದು ಅವರನ್ನು ಕೆಳಗಿಳಿಸುತ್ತಿದ್ದಳು.

ಹನ್ನೊಂದಕ್ಕೆ ಗಂಡನ ತಂಗಿ ಬಂದಳು. ಮೇಜಿನ ಮೇಲೆ ಕಣ್ಣಾಡಿಸಿ, ಬಣ್ಣದ ಕಾಗದ ಸುತ್ತಿದ್ದ ಒಂದು ಹೂದಾನಿಯ ಮುಂದೆ ನಿಂತಳು.

"ಅತ್ತಿಗೆ, ಇದು ನಿಮ್ಮ ಮದುವೆಗೆ ನಾನು ಕೊಟ್ಟಿದ್ದಲ್ವಾ?"

ತೂಕದಮ್ಮ ನಾಲಿಗೆ ಕಚ್ಚಿಕೊಂಡಳು.

"ಮೇಲಿನ ಬಣ್ಣದ ಕಾಗದಾನೂ ಹರಿದಿಲ್ಲ! ಏನಣ್ಣ, ಇಷ್ಟು ವರ್ಷ ನನ್ನ ಪ್ರೀತಿನ ಬಿಚ್ಚಿ ನೋಡ್ಲೇ ಇಲ್ವಾ ನೀವು?"

"ಅಲ್ಲಮ್ಮ, ಹೊಸದಾಗೇ ಇರ್ಲಿ ಅಂತ..." ಎಂದ ಅಣ್ಣ.

"ಸರಿ, ನಾನೇ ತಗೋತೀನಿ. ಎಷ್ಟು?"

"ತಗೊಂಡು ಏನು ಮಾಡ್ತೀಯಮ್ಮ?" ಎಂದು ಅತ್ತಿಗೆ ನಿಯಮ ಬಿಡದೆ ಕೇಳಿದಳು.

"ಮುಂದಿನ ತಿಂಗಳು ಯಾರದ್ದೋ ಮದುವೆ ಇದೆ. ಕೊಡ್ತೀನಿ."

ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದರು. ಆ ನಗುವಿನ ನಡುವೆಯೇ ಗುಜರಿ ಅಂಗಡಿಯವನು ಹತ್ತಿ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಬ್ಯಾಟರಿ ತಕ್ಕಡಿ. ತಾಮ್ರದ ಕೆಟಲನ್ನು ಎತ್ತಿಕೊಂಡ. ಅವನಿಗೆ ಯಾರೂ ಏನು ಮಾಡ್ತೀರಿ ಎಂದು ಕೇಳಬೇಕಿಲ್ಲ, ಕರಗಿಸುತ್ತಾನೆ. ಚೀಟಿ ಓದಿದ, ತೂಗಿದ, ಇನ್ನೊಮ್ಮೆ ಚೀಟಿ ಓದಿದ.

"ಅಮ್ಮ, ಒಂಬೈನೂರು ಅಂತ ಬರ್ದಿದೀರಿ."

"ಹೌದು."

"ಇದು ಒಂದು ಇನ್ನೂರೈವತ್ತಿದೆ. ತೂಕದಮ್ಮನ ಚೀಟಿ ಅಂತ ಸುಮ್ನೆ ತಗೊಂಡು ಹೋಗಿದ್ರೆ ನನಗೇ ಲಾಭ. ಆದ್ರೆ ನಾಳೆ ನಿಮ್ಮ ಕೌಂಟರಿಗೇ ಬರ್ಬೇಕಲ್ಲ ನಾನು."

"ನಿಮ್ಮ ತಕ್ಕಡಿ ಕೆಟ್ಟಿರ್ಬೇಕಪ್ಪ."

ಅವನು ಚೀಲದಿಂದ ಒಂದು ಕೇಜಿಯ ಕಬ್ಬಿಣದ ಬಟ್ಟು ತೆಗೆದು ತಕ್ಕಡಿಯ ಮೇಲಿಟ್ಟ. ಒಂದು ಕೇಜಿ, ಸೊನ್ನೆ ಗ್ರಾಂ.

ತೂಕದಮ್ಮ ಮೇಜಿನ ಮೇಲಿನ ಕತ್ತರಿ ಎತ್ತಿ ಅವನ ತಕ್ಕಡಿಗಿಟ್ಟಳು. ಚೀಟಿಯಲ್ಲಿ ಇನ್ನೂರು, ತಕ್ಕಡಿಯಲ್ಲಿ ಮುನ್ನೂರ ಮೂವತ್ತು. ಕಲ್ಲಿನ ಕುಟ್ಟಾಣಿ. ಬೀಗ. ಅಳತೆಯ ಪಾತ್ರೆ. ಒಂದೂ ಹೊಂದಲಿಲ್ಲ. ಕೆಲವು ಹೆಚ್ಚು, ಕೆಲವು ಕಡಿಮೆ. ತಪ್ಪಿನಲ್ಲೂ ಒಂದು ಕ್ರಮವಿರಲಿಲ್ಲ. ನಗುತ್ತಿದ್ದವರು ನಗು ನಿಲ್ಲಿಸಿದರು. ನಾದಿನಿ ಹೂದಾನಿಯನ್ನು ಮೆಲ್ಲಗೆ ಕೆಳಗಿಟ್ಟಳು. ತೂಕದಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಗಂಡ ಫ್ಯಾನಿನ ರೆಕ್ಕೆಯೊಂದನ್ನು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

"ನಿಮ್ಮ ತಕ್ಕಡಿ ಸರಿಯಾಗಿದೆ" ಎಂದಳು ಗುಜರಿಯವನಿಗೆ. "ಒಂದು ಇನ್ನೂರೈವತ್ತರ ದುಡ್ಡೇ ಕೊಡಿ." ನಾದಿನಿಯ ಕಡೆ ತಿರುಗಿ, "ಒಂಚೂರು ಇಲ್ಲಿ ನೋಡ್ಕೋತಿರಮ್ಮ" ಎಂದು ಒಳಗೆ ಹೋದಳು. ಗಂಡ ಹಿಂದೆಯೇ ಹೋದ.

ಖಾಲಿ ಕೋಣೆಯಲ್ಲಿ ಕೂರಲು ಏನೂ ಇರಲಿಲ್ಲ. ಇಬ್ಬರೂ ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ಆಕೆ ಕೂಗಾಡುತ್ತಾಳೆಂದು ಅವನು ಕತ್ತು ತಗ್ಗಿಸಿದ್ದ. ಆಕೆ ಕೂಗಾಡಲಿಲ್ಲ.

"ಎಷ್ಟನೇ ಪೆಟ್ಟಿಗೆಯಿಂದ?"

"ಮೊದಲನೇದೇ. ಎರಡನೇ ಗಂಟು."

"ಇಸ್ತ್ರಿಪೆಟ್ಟಿಗೆ?"

"ಅದು ನಿಜವಾಗ್ಲೂ ಸರಿ ಇತ್ತು. ಆಣೆ."

"ಹತ್ತು ವರ್ಷ ದಿನಾ ಹಿಡಿದಿದ್ನಲ್ಲ ಅದನ್ನ. ಕೈಯಲ್ಲ ಹೇಳಿದ್ದು, ನೆನಪು." ಆಕೆ ಬಲಗೈಯನ್ನು ಮಗುಚಿ ನೋಡಿಕೊಂಡಳು, ಯಾರೋ ಬಿಟ್ಟುಹೋದ ಸಾಮಾನು ನೋಡುವಂತೆ. ಆಮೇಲೆ ಹಠಾತ್ತನೆ ಕೇಳಿದಳು, "ಅಲ್ಲಾ, ಒಂದು ಸಲ ಐದು ಗ್ರಾಂ ಹೆಚ್ಚು ಅಂತಿದ್ರಿ, ಒಂದು ಸಲ ಹತ್ತು ಕಮ್ಮಿ. ಒಂದು ಸಲ ಅಂತೂ ನಲವತ್ತು ತಪ್ಪು ಅಂದ್ರಿ. ಅದನ್ನೆಲ್ಲಾ ಹೆಂಗೆ ಯೋಚನೆ ಮಾಡಿದ್ರಿ?"

"ಎಲ್ಲಾ ಸರಿ ಅಂದಿದ್ರೆ ನೀನು ನಂಬ್ತಿದ್ಯಾ?"

"ಇಲ್ಲ."

"ಅದಕ್ಕೇ."

"ಭಾರೀ ಕಳ್ಳ." ಆಕೆಗೆ ನಗು ಬಂತು, ಅರ್ಧದಲ್ಲಿ ನಿಂತಿತು. "ನಾನು ಅರ್ಜಿ ಕೊಡಲ್ಲ ಅಂದಾಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತಲೇ ಬಾಯಿ ತೆಗೆದೆ ಕಣೇ. ಟೀ ಇದ್ಯಾ ಅಂತ ಬಂತು." ಅವನು ರೆಕ್ಕೆ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತುತ್ತಿದ್ದ. "ಹದಿನಾಲ್ಕು ದಿನ ನನಗೆ ನಿದ್ದೆ ಇಲ್ಲ. ಹೇಳಿದ್ರೆ ನಿನ್ನ ಮುಖ ನೋಡೋಕಾಗಲ್ಲ. ಹೇಳ್ದಿದ್ರೆ ಆ ಕೈ ಹೋಗುತ್ತೆ. ಕೈ ಹೋದ್ರೆ ಅದಕ್ಕೆ ತಂತಿ ಸುತ್ತೋಕೆ ನನಗೆ ಬರಲ್ಲ."

ಹೊರಗೆ ನಾದಿನಿಯ ದನಿ ಕೇಳಿಸುತ್ತಿತ್ತು: "ತಗೊಂಡು ಏನು ಮಾಡ್ತೀರಿ? ಹಾಂ? ಸುಮ್ನೆ ಇರ್ಲಿ ಅಂತಾನಾ? ನಡೀರಿ, ನಡೀರಿ."

ತೂಕದಮ್ಮ ಕೊಕ್ಕೆ ತಕ್ಕಡಿಯನ್ನು ಸರಳಿನಿಂದ ಬಿಚ್ಚಲು ಕೈ ಚಾಚಿದಳು. ಬೆರಳು ಹುರಿಯ ಗಂಟನ್ನು ಹುಡುಕಿದವು, ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದಳು. ಆಮೇಲೆ ಕೈ ತೆಗೆದು ಗಂಡನ ಕಡೆ ನೋಡಿದಳು. ಅವನು ಎದ್ದು ಬಿಚ್ಚಿದ.

"ಇದನ್ನೂ ಮಾರೋಣ್ವಾ?" ಎಂದ.

"ನಿಮ್ಮ ತಂತಿ ಹೇಗೆ ತೂಗ್ತೀರಿ? ಇದು ಬೇಕಾದ್ದು. ಬೇಕಾದ್ದನ್ನ ಯಾರಾದ್ರೂ ಮಾರ್ತಾರಾ?"

ಮಧ್ಯಾಹ್ನದೊಳಗೆ ಮೇಜು ಖಾಲಿಯಾಯಿತು. ಅಷ್ಟರಲ್ಲಿ ಉಳಿದ ಚೀಟಿಗಳ ಮೇಲೆ ಆಕೆ ತಪ್ಪು ತೂಕ ಹೊಡೆದುಹಾಕಿ, ಗುಜರಿಯವನ ತಕ್ಕಡಿ ಹೇಳಿದ್ದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಎಡಗೈಯಲ್ಲಿ ಬರೆದದ್ದರಿಂದ ಅಕ್ಷರ ಮಕ್ಕಳ ಬರಹದಂತಿತ್ತು. ಹಲ್ಲಿನ ಅಚ್ಚನ್ನು ಯಾರೂ ಕೊಳ್ಳಲಿಲ್ಲ. ಕನ್ನಡಕದಾಕೆ ಬಂದು, ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿ, "ಇಷ್ಟು ದೊಡ್ಡದಿತ್ತಾ!" ಎಂದಳು.

ಮರುದಿನ, ತಿಂಗಳ ಕೊನೆಯ ದಿನ, ತೂಕದಮ್ಮ ಅರ್ಜಿಯನ್ನು ಪೋಸ್ಟ್ ಮಾಸ್ಟರರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಕೌಂಟರು ಬಿಡುವುದಿಲ್ಲವೆಂದು ಆಕೆ ಹಿಂದಿನ ವಾರವಷ್ಟೇ ಅವರಿಗೂ ಹೇಳಿದ್ದಳು.

"ಇದೇನ್ರಿ ಮೇಡಮ್, ಮನಸ್ಸು ಬದಲಾಯ್ತಾ?"

"ಕೈ ಬದಲಾಗಿದೆ ಸಾರ್. ಮನಸ್ಸಿಗೆ ನಿನ್ನೆ ಗೊತ್ತಾಯ್ತು."

"ನೋಡಿ, ಅವಸರ ಏನಿಲ್ಲ. ಕೂತ್ಕೊಳ್ಳಿ. ಇಪ್ಪತ್ತಾರು ವರ್ಷ ಆ ಕೌಂಟರಲ್ಲಿದ್ದವರು ನೀವು. ಆರು ತಿಂಗಳ ಮಟ್ಟಿಗೆ ಅಂತ ಬರ್ಕೊಡಿ, ಆಮೇಲೆ ಕೈ ಸರಿಹೋದ್ರೆ..."

"ಕಾಯಂ ಅಂತಲೇ ಇರ್ಲಿ ಸಾರ್."

"ಅಲ್ಲ, ನಾನು ಹೇಳೋದು ಕೇಳಿ. ಆ ಕಿಟಕೀಲಿ ಕೂತ್ರೆ ನಿಮಗೆ ಹೊತ್ತೇ ಹೋಗಲ್ಲ. ಅಲ್ಲಿ ಇರೋದೇನು? ನಾಲ್ಕು ಫಾರಮ್ಮು, ಒಂದು ಗೋಂದಿನ ಡಬ್ಬಿ..."

ಆಕೆ ಅವರ ಹೆಗಲಿನಾಚೆ ಗಾಜಿನ ಮೂಲಕ ನೋಡುತ್ತಿದ್ದಳು. ವಿಚಾರಣೆ ಕಿಟಕಿಯ ಹಿಂದೆ ಕುರ್ಚಿ ಖಾಲಿಯಿತ್ತು. ಮುಂದೆ ಹಸಿರು ಸ್ವೆಟರಿನ ಹೆಂಗಸೊಬ್ಬಳು ಬಹಳ ಹೊತ್ತಿನಿಂದ ನಿಂತಿದ್ದಳು. ಕೈಯಲ್ಲಿ ಒಂದು ಲಕೋಟೆ. ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು, ಮತ್ತೆ ಬೆಳಕಿಗೆ ಹಿಡಿದಳು.

"ಸಾರ್, ಆ ಹೆಂಗಸು ಲಕೋಟೆ ಯಾಕೆ ಅಲ್ಲಾಡಿಸ್ತಿದ್ದಾಳೆ?"

"ಯಾರು? ಇರಬಹುದು ಏನೋ. ನಾನು ಹೇಳ್ತಿದ್ದಿದ್ದು ಏನಂದ್ರೆ, ನಿಮ್ಮಂಥ ಅನುಭವಸ್ಥರು..."

"ಈಗ ಮೂಸಿ ನೋಡ್ತಿದ್ದಾಳೆ!"

"ಮೇಡಮ್, ಆದೇಶ ಬರೋದು ನಾಳೆ. ನಾನಿನ್ನೂ ಸಹಿ ಕೂಡ..."

ತೂಕದಮ್ಮ ಕುರ್ಚಿಯನ್ನು ಎಡಗೈಯಿಂದ ಹಿಂದೆ ಸರಿಸಿ ಎದ್ದು, ಬಾಗಿಲು ದಾಟಿ, ಪಾರ್ಸೆಲ್ ಸಾಲನ್ನು ಬಳಸಿಕೊಂಡು ಕಿಟಕಿಯ ಕಡೆ ನಡೆದುಬಿಟ್ಟಿದ್ದಳು. ಪೋಸ್ಟ್ ಮಾಸ್ಟರರು ಪೆನ್ನಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, "ಪೂರ್ತಿ ಕೇಳಿಸ್ಕೊಂಡು ಹೋಗಿ, ಇನ್ನೊಂದು ಮಾತು..." ಎನ್ನುತ್ತಲೇ ಇದ್ದರು.